ಮಕ್ಕಳಿಗೆ ಮನೆಯೇ ಶಾಲೆಯಾದರೆ ಅಪ್ಪ ಅಮ್ಮನ ಬದುಕು ಹೇಗಿರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿದೆ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ ಮಗಳು ಮನೆಯಲ್ಲೇ ಓದಲು ಕಲಿತಳು. 2021ರ ಜೂನ್‌ನಲ್ಲಿ ಅವಳನ್ನು ಮತ್ತೆ ಶಾಲೆಗೆ ಸೇರಿಸದಿರಲು ನಾವಿಬ್ಬರೂ ನಿರ್ಧರಿಸಿದೆವು. ತಮ್ಮನೂ ಅಕ್ಕನ ಹಿಂದೆಯೇ ಬಂದ. ಈಗ ಅವಳಿಗೆ ಹನ್ನೆರಡು, ಅವನಿಗೆ ಎಂಟು.

ಪರೀಕ್ಷೆ ಹೇಗೆ, ಅಂಕಪಟ್ಟಿ ಎಲ್ಲಿಂದ, ಮಕ್ಕಳು ಜನರೊಡನೆ ಬೆರೆಯುವುದು ಯಾವಾಗ ಎಂದೆಲ್ಲ ಜನ ಜೋರಾಗಿಯೇ ಕೇಳುತ್ತಾರೆ. ಹೊರಡುವಾಗ ಗೇಟಿನ ಬಳಿ ನಿಂತು, ದನಿ ತಗ್ಗಿಸಿ, ತಾಯಂದಿರು ಕೇಳುವ ಪ್ರಶ್ನೆಯೇ ಬೇರೆ: ‘ಅದೆಲ್ಲ ಇರಲಿ, ನಿಮ್ಮ ಪಾಡೇನು?’ ಗೇಟಿನ ಬಳಿ ಎರಡು ಮಾತಿನಲ್ಲಿ ನಾನು ಕೊಟ್ಟ ಉತ್ತರಗಳೆಲ್ಲ ಅರೆಬರೆಯಾಗಿದ್ದವು. ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಇಡೀ ದಿನ ಮಕ್ಕಳು ಮನೆಯಲ್ಲೇ ಇದ್ದರೆ ನಿಮಗೆಂದು ಸಮಯ ಎಲ್ಲಿ ಉಳಿಯುತ್ತದೆ?

ತಾನಾಗಿ ಉಳಿಯುವುದಿಲ್ಲ. ಶಾಲೆಯ ವ್ಯಾನ್ ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ನಾಲ್ಕೂವರೆಗೆ ಬಂದರೆ, ಮನೆಯಲ್ಲಿರುವ ತಾಯಿಗೆ ನಡುವಿನ ಹೊತ್ತು ಕೇಳದೆಯೇ ಸಿಗುತ್ತದೆ. ಕೆಲಸಕ್ಕೆ ಹೋಗುವ ತಾಯಿಗೆ ಕನಿಷ್ಠ ಕಚೇರಿಯ ಕುರ್ಚಿಯಾದರೂ ತನ್ನದೇ. ಮನೆಶಾಲೆ ಮೊದಲು ಕಿತ್ತುಕೊಳ್ಳುವುದು ಆ ಏಕಾಂತವನ್ನು.

ಮೊದಲ ಮಳೆಗಾಲದ ಒಂದು ದಿನ, ಮಕ್ಕಳು ‘ಅಮ್ಮಾ’ ಎಂದು ಕರೆದಾಗಲೆಲ್ಲ ಅಡುಗೆಮನೆಯ ಕಡಪ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆಯುತ್ತ ಹೋದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅರವತ್ತಮೂರು ಗೀಟುಗಳಿದ್ದವು. ಪೆನ್ಸಿಲ್ ಎಲ್ಲಿ, ಇರುವೆಗೆ ಮೂಗು ಇದೆಯೇ, ಅಕ್ಕ ನನ್ನ ಕಡೆ ನೋಡುತ್ತಿದ್ದಾಳೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಮುದ್ದಾದ ಕರೆಗಳೇ. ಒಟ್ಟಾಗಿ ಬಂದಾಗ ಮಾತ್ರ ಒಂದೇ ಒಂದು ಯೋಚನೆಯೂ ಕೊನೆ ಮುಟ್ಟುವುದಿಲ್ಲ. ಆ ಆರು ತಿಂಗಳು ನಾನು ಒಂದು ಪುಸ್ತಕವನ್ನೂ ಓದಿ ಮುಗಿಸಲಿಲ್ಲ.

ಕೊನೆಗೆ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನ ಹೊತ್ತು ನನ್ನದು ಎಂದು ಸಾರಿದೆ. ಕೋಣೆಯ ಬಾಗಿಲಿನ ಹಿಡಿಗೆ ಹಸಿರು ಟವೆಲ್ ಕಟ್ಟಿದ್ದರೆ ತಟ್ಟುವಂತಿಲ್ಲ. ರಕ್ತ ಬಂದರೆ, ಹೊಗೆ ಕಂಡರೆ, ಮನೆಗೆ ಯಾರಾದರೂ ಬಂದರೆ ಮಾತ್ರ ತಟ್ಟಬಹುದು. ಅಜ್ಜಿ ಹಾಲ್‌ನಲ್ಲೇ ಇರುತ್ತಿದ್ದರು. ಆದರೂ ಮೊದಲ ದಿನಗಳಲ್ಲಿ ಮಗ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದ. ಬಾಗಿಲ ಕೆಳಗಿನ ಸಂದಿಯಲ್ಲಿ ಅವನ ನಾಲ್ಕು ಬೆರಳುಗಳು ಕಾಣುತ್ತಿದ್ದವು. ಒಳಗೆ ಹಾಸಿಗೆಯ ಮೇಲೆ ಕುಳಿತು ಆ ಬೆರಳುಗಳನ್ನೇ ನೋಡುತ್ತ ಅತ್ತಿದ್ದೇನೆ, ಬಾಗಿಲು ತೆಗೆದಿಲ್ಲ. ಎರಡು ವಾರ ಕಳೆದ ಮೇಲೆ ಒಂದು ದಿನ ಬೆರಳುಗಳಿರಲಿಲ್ಲ. ನಾಲ್ಕಕ್ಕೆ ಹೊರಗೆ ಬಂದು ನೋಡಿದರೆ ನೆಲದ ಮೇಲೆ ಬೋರಲು ಮಲಗಿ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ರೈಲು ಬಿಡಿಸುತ್ತಿದ್ದ. ಎಂಜಿನ್ ಆಗಿತ್ತು, ಹದಿನಾಲ್ಕು ಬೋಗಿಗಳಾಗಿದ್ದವು.

ಹೊಸದಾಗಿ ಆರಂಭಿಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಪಾಠದ ವೇಳಾಪಟ್ಟಿ ಬರೆಯುವ ಮುನ್ನ ನಿಮ್ಮ ಹೊತ್ತನ್ನು ಗೆರೆ ಎಳೆದು ತೆಗೆದಿಡಿ. ಎಲ್ಲ ಮುಗಿದ ಮೇಲೆ ಉಳಿದರೆ ನನಗೆ ಎಂದುಕೊಂಡವರಿಗೆ ಏನೂ ಉಳಿದದ್ದನ್ನು ನಾನು ನೋಡಿಲ್ಲ. ಮಧ್ಯಾಹ್ನದ ಎರಡು ತಾಸಿನ ಜೊತೆಗೆ ಬೆಳಿಗ್ಗೆ ಐದೂವರೆಯಿಂದ ಆರೂ ಮುಕ್ಕಾಲರವರೆಗೆ ಕುಂದುವಾಡ ಕೆರೆಯ ಏರಿಯ ಮೇಲೆ ಒಬ್ಬಳೇ ನಡೆಯುತ್ತೇನೆ. ಮೊಬೈಲ್ ಮನೆಯಲ್ಲೇ ಇರುತ್ತದೆ.

ಶಾಲೆಯಷ್ಟೇ ಹೊತ್ತು ಪಾಠ ಮಾಡಬೇಕಲ್ಲವೇ?

ಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ ಎಂದಿದೆ. ಆರರಿಂದ ಎಂಟನೇ ತರಗತಿಗೆ 220 ದಿನ, 1000 ಗಂಟೆ. ಅಂದರೆ ಚಿಕ್ಕ ಮಕ್ಕಳಿಗೆ ದಿನಕ್ಕೆ ನಾಲ್ಕು ಗಂಟೆ. ಅದೂ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬ ಲೆಕ್ಕದ ಮೇಲೆ. ಹಾಜರಿ, ಸಾಲು, ಬೋರ್ಡಿನಿಂದ ಬರೆದುಕೊಳ್ಳುವುದು, ಉಳಿದವರು ಮುಗಿಸುವವರೆಗೆ ಕಾಯುವುದು ಎಲ್ಲವೂ ಆ ನಾಲ್ಕು ಗಂಟೆಯೊಳಗೇ ಆಗಬೇಕು. ಒಂದು ಮಗುವಿನ ಪಕ್ಕದಲ್ಲೇ ಕುಳಿತು ಹೇಳಿಕೊಡುವಾಗ ಅಷ್ಟು ಹೊತ್ತು ಹಿಡಿಯುವುದಿಲ್ಲ.

ನಮ್ಮಲ್ಲಿ ಮಗನಿಗೆ ಒಂದೂವರೆ ಗಂಟೆ, ಮಗಳಿಗೆ ಎರಡೂವರೆ. ಅವಳ ಹೊತ್ತಿನಲ್ಲಿ ಅರ್ಧದಷ್ಟು ತಾನೇ ಓದಿಕೊಳ್ಳುವುದು. ಹನ್ನೊಂದೂವರೆಗೆ ಪುಸ್ತಕ ಮುಚ್ಚುತ್ತೇವೆ. ಮೊದಲ ವರ್ಷ ನಾನೂ ಎಂಟು ಪೀರಿಯಡ್‌ಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೆ. ದೀಪಾವಳಿಯ ಹೊತ್ತಿಗೆ ಮೂವರೂ ಬಸವಳಿದಿದ್ದೆವು. ಮನೆಶಾಲೆ ಬಿಟ್ಟವರಲ್ಲಿ ನಾನು ಕಂಡಂತೆ ಹೆಚ್ಚಿನವರು ಶಾಲೆಯ ಗಂಟೆಯನ್ನು ಹಾಗೆಯೇ ಮನೆಗೆ ತಂದವರು.

ನೌಕರಿ ಬಿಡಲೇಬೇಕೇ?

ಇಬ್ಬರಲ್ಲಿ ಒಬ್ಬರ ದುಡಿಮೆಯ ರೀತಿಯಂತೂ ಬದಲಾಗಲೇಬೇಕು. ನಮ್ಮಲ್ಲಿ ಬದಲಾದದ್ದು ನನ್ನದು. ಹನ್ನೊಂದು ವರ್ಷ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಈಗ ಮಂಡಿಪೇಟೆ ಮತ್ತು ಅಶೋಕ ರಸ್ತೆಯ ಕೆಲವು ಅಂಗಡಿಗಳ ಜಿಎಸ್‌ಟಿ ಲೆಕ್ಕವನ್ನು ಮನೆಯಿಂದಲೇ ನೋಡಿಕೊಳ್ಳುತ್ತೇನೆ. ತಿಂಗಳಿಗೊಮ್ಮೆ ಸಲ್ಲಿಸುವವರು 11ನೇ ತಾರೀಖಿನೊಳಗೆ ಮಾರಾಟದ ವಿವರ ಕೊಡಬೇಕು, 20ರೊಳಗೆ ತೆರಿಗೆಯ ರಿಟರ್ನ್. ಈ ಎರಡು ದಿನಗಳಿಗೆ ನಮ್ಮ ಮನೆಯಲ್ಲಿ ‘ಅಮ್ಮನ ತಾರೀಖು’ ಎಂದೇ ಹೆಸರು. ಅಂದು ಪಾಠವಿಲ್ಲ, ಅಡುಗೆ ನನ್ನದಲ್ಲ. ಮಗಳು ಚಿತ್ರಾನ್ನ ಮಾಡುತ್ತಾಳೆ, ಮಗ ಈರುಳ್ಳಿ ಸುಲಿದು ಕೊಡುತ್ತಾನೆ.

ಆದಾಯ ಮೊದಲಿನ ಅರ್ಧಕ್ಕಿಂತ ಕಡಿಮೆಯಾಗಿದೆ. ಅದಕ್ಕಿಂತ ಹೆಚ್ಚು ಕಾಡಿದ್ದು ಬೇರೆ ಸಂಗತಿ. ಭವಿಷ್ಯ ನಿಧಿಗೆ ತಿಂಗಳು ತಿಂಗಳು ಬೀಳುತ್ತಿದ್ದ ಹಣ ನಿಂತುಹೋಯಿತು. ಜೊತೆಗಿದ್ದವರು ಬಡ್ತಿ ಪಡೆದು ಮುಂದೆ ಹೋದರು. ಮಗುವಿನ ಓದಿನ ಬಗ್ಗೆ ಇಷ್ಟೆಲ್ಲ ಯೋಚಿಸುವ ದಂಪತಿ ತಾಯಿಯ ಅರವತ್ತನೇ ವಯಸ್ಸಿನ ಬಗ್ಗೆಯೂ ಒಂದು ಸಂಜೆ ಕುಳಿತು ಯೋಚಿಸಬೇಕು. ನಾನು ರಾಜೀನಾಮೆ ಕೊಡುವ ಮುಂಚೆಯೇ ಗಂಡನ ಬಳಿ ಒಂದು ಮಾತು ಕೇಳಿದೆ: ನನ್ನ ಹೆಸರಿನ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ನಿಮ್ಮ ಸಂಬಳದಿಂದ ಪ್ರತಿ ತಿಂಗಳೂ ಇಷ್ಟು ಹೋಗಬೇಕು. ಅದು 15 ವರ್ಷದ ಖಾತೆ, ವರ್ಷಕ್ಕೆ ಕನಿಷ್ಠ 500 ರೂಪಾಯಿ ಕಟ್ಟಿದರೂ ಜೀವಂತವಾಗಿರುತ್ತದೆ. ಮೊತ್ತ ಎಷ್ಟಾದರೂ ಇರಲಿ, ಅದು ನಿಮ್ಮ ಹೆಸರಿನಲ್ಲಿರಲಿ. ಗಂಡನ ಬಳಿ ಇದನ್ನು ಕೇಳಲು ಸಂಕೋಚವಾಗುತ್ತದೆ ಎಂದು ಹಲವರು ನನ್ನೊಡನೆ ಹೇಳಿಕೊಂಡಿದ್ದಾರೆ. ಸಂಕೋಚ ಬೇಡ. ನೀವು ಬಿಟ್ಟುಕೊಡುತ್ತಿರುವುದು ಇಬ್ಬರ ಮಕ್ಕಳಿಗಾಗಿ.

ಗಂಡ ಏನು ಮಾಡುತ್ತಾರೆ?

ನಮ್ಮವರಿಗೆ ಹರಿಹರದ ಬಳಿಯ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಒಂದು ವಾರ ಬೆಳಗಿನ ಆರರಿಂದ ಎರಡು, ಮುಂದಿನ ವಾರ ಎರಡರಿಂದ ರಾತ್ರಿ ಹತ್ತು, ಅದರ ಮುಂದಿನ ವಾರ ರಾತ್ರಿಯಿಡೀ. ಮಗಳು ಎಲ್‌ಕೆಜಿಗೆ ಹೋಗುತ್ತಿದ್ದ ಕಾಲದಲ್ಲಿ, ಎರಡನೇ ಪಾಳಿಯ ವಾರದಲ್ಲಿ ಅಪ್ಪ ಮಗಳು ಒಬ್ಬರನ್ನೊಬ್ಬರು ಎಚ್ಚರವಿದ್ದಾಗ ನೋಡುತ್ತಿದ್ದುದೇ ಭಾನುವಾರ. ಅವಳು ಹೊರಡುವಾಗ ಇವರು ನಿದ್ದೆಯಲ್ಲಿ, ಇವರು ಬರುವಾಗ ಅವಳು ನಿದ್ದೆಯಲ್ಲಿ. ಮನೆಶಾಲೆಗೆ ಅವರು ಒಪ್ಪಿದ್ದರ ಹಿಂದೆ ಇದೂ ಇತ್ತು.

ಆದರೆ ಮನೆಶಾಲೆ ಎಂದೊಡನೆ ಅದು ಹೆಂಡತಿಯ ಶಾಲೆ ಎಂದು ಎಲ್ಲರೂ ಭಾವಿಸಿಬಿಡುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ ಎಂದು ಬಂದಿತ್ತು. 2024ರ ಸಮೀಕ್ಷೆಯಲ್ಲಿ 289 ಮತ್ತು 88. ಐದು ವರ್ಷದಲ್ಲಿ ಇಬ್ಬರದೂ ಕೊಂಚ ಇಳಿಯಿತು, ನಡುವಿನ ಅಂತರ ಹಾಗೆಯೇ ನಿಂತಿತು. ಈ ಐದು ಗಂಟೆಯ ಮೇಲೆ ಪಾಠದ ಮೂರು ಗಂಟೆಯನ್ನೂ ಒಬ್ಬಳ ಹೆಗಲಿಗೇ ಏರಿಸಿದರೆ ಅವಳ ಸ್ವಾತಂತ್ರ್ಯದ ಮಾತನ್ನೇ ಎತ್ತಬೇಡಿ.

ನಮ್ಮ ಅಡುಗೆಮನೆಯ ಗೋಡೆಯಲ್ಲಿ ತಿಂಗಳ ಕ್ಯಾಲೆಂಡರ್ ಇದೆ. ಅಮಾವಾಸ್ಯೆ, ಹುಣ್ಣಿಮೆಗಳ ಪಕ್ಕದಲ್ಲೇ ಅವರ ಪಾಳಿಯನ್ನು ಮೂರು ಬಣ್ಣದಲ್ಲಿ ಗುರುತು ಮಾಡುತ್ತೇವೆ. ಎರಡನೇ ಪಾಳಿಯ ವಾರ ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆವರೆಗೆ ಮಕ್ಕಳು ಸಂಪೂರ್ಣ ಅವರ ಪಾಲು. ನಾನು ಆ ಹೊತ್ತು ಮನೆಯಲ್ಲೇ ಇರುವುದಿಲ್ಲ. ಇದು ಮುಖ್ಯ. ಮನೆಯಲ್ಲಿದ್ದರೆ ‘ಅಮ್ಮಾ’ ಎಂಬ ಕೂಗಿಗೆ ಕಾಲು ತಾನಾಗಿ ಏಳುತ್ತದೆ, ಗಂಡನೂ ಕೇಳಿಸದವರಂತೆ ಕೂರುತ್ತಾರೆ. ಮೊದಲ ಸಲ ನಾನು ಹೀಗೆ ಹೊರಟ ದಿನ ಎಂಟು ಸಲ ಫೋನ್ ಬಂತು. ಈಗ ಬರುವುದಿಲ್ಲ. ವಿಜ್ಞಾನ ಈಗ ಪೂರ್ತಿ ಅವರದೇ. ಬೈಕಿನ ಚೈನ್ ಬಿಚ್ಚಿ ಹಲ್ಲುಚಕ್ರ ಎಣಿಸಿದ ಮೇಲೆಯೇ ಮಗನಿಗೆ ಅನುಪಾತ ಎಂದರೇನೆಂದು ಅರ್ಥವಾಯಿತು. ನಾನು ಹೇಳಿಕೊಟ್ಟಿದ್ದರೆ ಪುಸ್ತಕದ ಚಿತ್ರವನ್ನೇ ತೋರಿಸುತ್ತಿದ್ದೆ.

ಅತ್ತೆ ಮಾವ, ನೆಂಟರು, ಓಣಿಯವರು?

ಇವರಿಂದ ನನಗಾದ ಕಷ್ಟ ಟೀಕೆಯದಲ್ಲ. ಟೀಕೆ ವರ್ಷದೊಳಗೆ ಸವೆದುಹೋಯಿತು. ಸವೆಯದೆ ಉಳಿದದ್ದು ಒಂದು ವಾಕ್ಯ: ‘ಹೇಗೂ ಮನೆಯಲ್ಲೇ ಇರುತ್ತೀಯಲ್ಲ.’

ಪಕ್ಕದ ಮನೆಯವರ ಸಿಲಿಂಡರ್ ಇಳಿಸಿಕೊಳ್ಳುವುದು, ಎದುರುಮನೆಯ ಪಾರ್ಸಲ್‌ಗೆ ಸಹಿ ಹಾಕುವುದು, ನೆಂಟರ ಮದುವೆಯ ಕರೆಯೋಲೆ ಹಂಚಲು ಜೊತೆಗೆ ಹೋಗುವುದು ಎಲ್ಲವೂ ಮನೆಯಲ್ಲಿರುವವಳ ಪಾಲಿಗೆ. ದಾವಣಗೆರೆಯಲ್ಲಿ ಇದಕ್ಕೆ ಇನ್ನೂ ಒಂದು ಭಾರ ಸೇರುತ್ತದೆ. ಇದು ಆಸ್ಪತ್ರೆಗಳ ಊರು. ಜಗಳೂರು, ಹೊನ್ನಾಳಿ, ಹರಪನಹಳ್ಳಿಯ ಕಡೆಯ ಬಂಧುಗಳು ಚಿಕಿತ್ಸೆಗೆ ಬಂದರೆ ಇಳಿದುಕೊಳ್ಳುವುದು ನಮ್ಮಲ್ಲೇ. ಬುತ್ತಿ ಕಟ್ಟಿಕೊಡುವುದು, ವಾರ್ಡಿನಲ್ಲಿ ಕೂರುವುದು ಯಾರು? ನೌಕರಿಯಲ್ಲಿದ್ದಾಗ ‘ಅವಳಿಗೆ ಆಫೀಸಿದೆ’ ಎಂದು ಬಿಟ್ಟುಬಿಡುತ್ತಿದ್ದರು. ಕಷ್ಟದಲ್ಲಿರುವವರಿಗೆ ಇಲ್ಲ ಎನ್ನುವುದು ನಮ್ಮ ಕಡೆಯ ಸಂಸ್ಕಾರವಲ್ಲ, ನಾನೂ ಇಲ್ಲ ಎನ್ನುವುದಿಲ್ಲ. ಆದರೆ ಬೆಳಗಿನ ಪಾಠದ ಹೊತ್ತು ಮುಗಿದ ಮೇಲೆ ಬರುತ್ತೇನೆ ಎನ್ನಲು ಕಲಿತಿದ್ದೇನೆ. ‘ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ’ ಎಂದರೆ ಜನ ಮತ್ತೂ ಒತ್ತಾಯಿಸುತ್ತಾರೆ. ‘ಹನ್ನೊಂದೂವರೆವರೆಗೆ ಕೆಲಸದಲ್ಲಿರುತ್ತೇನೆ’ ಎಂದರೆ ಸುಮ್ಮನಾಗುತ್ತಾರೆ. ಕೆಲಸ ಎಂದೇ ಕರೆಯಿರಿ, ಏಕೆಂದರೆ ಅದು ಕೆಲಸವೇ.

ಅತ್ತೆ ಮೊದಲು ಬಹಳ ನೊಂದುಕೊಂಡಿದ್ದರು. ತಾವು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವರು, ಮೊಮ್ಮಗಳನ್ನೂ ಬಿಡಿಸಿದಿರಲ್ಲ ಎಂಬ ಸಂಕಟ ಅವರದು. ಆ ಸಂಕಟವನ್ನು ನಾನು ಹಳೆಯ ಕಾಲದ ಮಾತೆಂದು ತಳ್ಳಿಹಾಕಬಾರದಿತ್ತು. ಕುಳಿತು ಮಾತನಾಡಲು ಎರಡು ವರ್ಷ ತಡ ಮಾಡಿದೆ. ಈಗ ಮಧ್ಯಾಹ್ನ ಹಸಿರು ಟವೆಲ್ ಕಾಯುವವರೇ ಅವರು. ಚುಕ್ಕಿ ರಂಗೋಲಿಯ ಲೆಕ್ಕ ಹೇಳಿಕೊಡುತ್ತ ಮೊಮ್ಮಗಳ ಬಳಿ ಇಂಗ್ಲಿಷ್ ಅಕ್ಷರ ಕಲಿಯುತ್ತಿದ್ದಾರೆ. ಸಿಟಿ ಬಸ್ಸಿನ ಬೋರ್ಡನ್ನು ತಾವೇ ಓದಿದ ದಿನ ಮನೆಗೆಲ್ಲ ಬೆಣ್ಣೆ ದೋಸೆ ತರಿಸಿದರು.

ನಮ್ಮೂರ ದೇವತೆ ದುಗ್ಗಮ್ಮನ ಹಬ್ಬದ ವರ್ಷ, ಹಬ್ಬದ ವಾರವಿಡೀ, ಪಾಠವೂ ಇಲ್ಲ, ಏಕಾಂತವೂ ಇಲ್ಲ. ಆ ವಾರಕ್ಕೆ ಯಾವ ಯೋಜನೆಯನ್ನೂ ಹಾಕಿಕೊಳ್ಳಬೇಡಿ.

ಕಾನೂನಿನ ಅಂಜಿಕೆ ತಲೆಯ ಮೇಲೆ ತೂಗುತ್ತಿರುವುದಿಲ್ಲವೇ?

ಸ್ವಲ್ಪ ಇರುತ್ತದೆ. ಸಂವಿಧಾನದ 86ನೇ ತಿದ್ದುಪಡಿ 2002ರಲ್ಲಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದನ್ನು ಜಾರಿಗೆ ತರಲು ಬಂದ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಅದರ 10ನೇ ಸೆಕ್ಷನ್ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಎನ್ನುತ್ತದೆ. ಸೇರಿಸದ ಪೋಷಕರಿಗೆ ದಂಡವನ್ನು ಮಾತ್ರ ಕಾಯ್ದೆ ಹೇಳಿಲ್ಲ. ಮನೆಶಾಲೆಯ ಪ್ರಸ್ತಾಪವೂ ಅದರಲ್ಲಿಲ್ಲ. ಹೀಗಾಗಿ ನಮ್ಮಂಥವರು ಒಪ್ಪಿಗೆಯೂ ಇಲ್ಲದ, ಶಿಕ್ಷೆಯೂ ಇಲ್ಲದ ಜಾಗದಲ್ಲಿ ನಿಂತಿದ್ದೇವೆ. ಶಾಲೆಯ ಹೊರಗಿರುವ ಮಕ್ಕಳ ಗಣತಿಗೆ ಬಂದವರಿಗೆ ನಾನು ಎಲ್ಲವನ್ನೂ ತೆರೆದು ತೋರಿಸುತ್ತೇನೆ. ಜನನ ಪ್ರಮಾಣಪತ್ರ, ಆಧಾರ್, ತಾರೀಖು ಹಾಕಿದ ನೋಟ್‌ಬುಕ್‌ಗಳು, ಓದಿದ ಪುಸ್ತಕಗಳ ಪಟ್ಟಿ ಒಂದೇ ಫೈಲಿನಲ್ಲಿವೆ. ಅವರ ಕೆಲಸ ಅವರು ಮಾಡಲೇಬೇಕು. ದುಡಿಮೆಗೆ ಹೋಗುತ್ತಿರುವ ಮಗುವನ್ನು ಹುಡುಕಿ ತೆಗೆಯುವುದು ಅದೇ ಗಣತಿ.

ಬರೀ ಕಳೆದುಕೊಂಡದ್ದನ್ನೇ ಹೇಳುತ್ತಿದ್ದೀರಿ. ಸಿಕ್ಕಿದ್ದೇನು?

ವಾರದ ದಿನಗಳು ಸಿಕ್ಕವು. ಇದು ಚಿಕ್ಕ ಮಾತಲ್ಲ. ಶಾಲೆ ಇರುವ ಮನೆಯ ವರ್ಷವನ್ನು ಶಾಲೆಯೇ ಹೊಲಿಯುತ್ತದೆ. ತವರಿಗೆ ಎಂದು ಹೋಗಬೇಕು, ಎಷ್ಟು ಗಂಟೆಗೆ ಏಳಬೇಕು, ಜೂನ್‌ನಲ್ಲಿ ಯಾವ ಖರ್ಚಿಗೆ ಹಣ ಉಳಿಸಬೇಕು, ಯಾವ ಬಣ್ಣದ ಸಾಕ್ಸ್ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಬೇರೆಯವರು ನಿರ್ಧರಿಸಿದ್ದು. ನನ್ನ ಅಪ್ಪ ಹಾಸಿಗೆ ಹಿಡಿದಾಗ ಯಾರ ಅನುಮತಿಯನ್ನೂ ಕೇಳದೆ ಮಕ್ಕಳನ್ನು ಕರೆದುಕೊಂಡು ಹೋಗಿ ಆರು ವಾರ ಅವರ ಬಳಿ ಇದ್ದೆ. ಮಕ್ಕಳು ಬೆಳಿಗ್ಗೆ ತಾತನ ಮಂಚದ ಬದಿಯಲ್ಲೇ ಓದಿದರು. ಐದು ವರ್ಷದಲ್ಲಿ ನಾನು ಬಿಟ್ಟುಕೊಟ್ಟ ಎಲ್ಲದರ ಎದುರು ಆ ಆರು ವಾರಗಳನ್ನು ಇಟ್ಟು ತೂಗಬಲ್ಲೆ.

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರು ಬಳಿಯ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಾಗ, ಭಾನುವಾರದ ಜಾತ್ರೆಯಂಥ ಗದ್ದಲಕ್ಕೆ ಕಾಯದೆ ಮಂಗಳವಾರವೇ ಹೋಗಿ ನೋಡಿದೆವು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ನನಗೂ ಮಗಳಿಗೂ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ, ಮಗನಿಗೆ ಮಾತ್ರ ಅರ್ಧ ಟಿಕೆಟ್. ಚಿತ್ರದುರ್ಗದ ಕೋಟೆಯನ್ನು ಎಷ್ಟು ಸಲ ಹತ್ತಿದ್ದೇವೋ ಲೆಕ್ಕವಿಲ್ಲ. ಮೊದಲ ಸಲ ಓಬವ್ವನ ಕಿಂಡಿ, ಎರಡನೇ ಸಲ ಬರೀ ನೀರು: ಗೋಪಾಲಸ್ವಾಮಿ ಹೊಂಡದಿಂದ ಅಕ್ಕ ತಂಗಿಯರ ಹೊಂಡದವರೆಗೆ ಬಂಡೆಯ ಮೇಲೆ ಬಿದ್ದ ಮಳೆ ಎಲ್ಲಿ ಹರಿದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತ ನಡೆದೆವು.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದದ್ದು ಒಂದು ಬುಧವಾರ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ತಾಯಿ ತಂದೆಯರ ಮಾತು ಕೇಳಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದರಲ್ಲಿದೆ ಎಂದೆ. ಮಗಳು ‘ನೀನು ಎರಡೂ ಆಗಿದ್ದೀಯಲ್ಲ, ಆಗ ನಾನು ಏನು ಮಾಡಬೇಕು?’ ಎಂದು ಕೇಳಿದಳು. ತಕ್ಷಣ ಉತ್ತರ ಹೊಳೆಯಲಿಲ್ಲ. ಶಾಸನದ ಕೊನೆಯಲ್ಲಿ ಅದನ್ನು ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ‘ಲಿಪಿಕಾರ’ ಎಂಬ ಮಾತೊಂದನ್ನು ಅವನು ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಇದು ನನಗೆ ಅದಕ್ಕೂ ಮುಂಚೆ ಗೊತ್ತಿರಲಿಲ್ಲ, ಹೊರಡುವ ಹಿಂದಿನ ರಾತ್ರಿ ಓದಿಕೊಂಡಿದ್ದೆ. ಹತ್ತನೇ ತರಗತಿಯಲ್ಲಿ ಇತಿಹಾಸಕ್ಕೆ ತೊಂಬತ್ತು ಅಂಕ ತೆಗೆದವಳು ನಾನು, ನಮ್ಮ ಕಡೆಯ ಬಂಡೆಯ ಮೇಲೆ ಏನಿದೆ ಎಂದು ತಿಳಿಯಲು ಮೂವತ್ತೆಂಟು ವರ್ಷ ಬೇಕಾಯಿತು. ಮಕ್ಕಳಿಗೆ ಹೇಳಿಕೊಡುವ ನೆಪದಲ್ಲಿ ನನಗೇ ಎರಡನೆಯ ಬಾರಿ ಓದು ಸಿಕ್ಕಿದೆ. ಇದನ್ನು ಯಾವ ಬೆಲೆಗೂ ಬಿಟ್ಟುಕೊಡಲಾರೆ.

ತಾಳ್ಮೆ ಕೆಡುವುದಿಲ್ಲವೇ? ಮಕ್ಕಳ ಮೇಲೆ ಕೂಗಾಡಿದ್ದೀರಾ?

ಕೂಗಾಡಿದ್ದೇನೆ. ಮೂರನೇ ಬೇಸಿಗೆಯ ಏಪ್ರಿಲ್, ಕರೆಂಟ್ ಇಲ್ಲ, ಫ್ಯಾನ್ ನಿಂತಿದೆ. ಮಗಳು ಭಾಗಾಕಾರದಲ್ಲಿ ಭಾಗಲಬ್ಧದ ನಡುವಿನ ಸೊನ್ನೆಯನ್ನು ಐದನೇ ಬಾರಿ ಬಿಟ್ಟಳು. ಪುಸ್ತಕ ಕಿತ್ತುಕೊಂಡು ಎಸೆದೆ. ಅದು ದೇವರ ಗೂಡಿನ ಕೆಳಗೆ ಹೋಗಿ ಬಿತ್ತು. ಅವಳು ಅಳಲಿಲ್ಲ. ಎದ್ದು ಹೋಗಿ ಪುಸ್ತಕ ತಂದು, ಮಡಚಿದ ಹಾಳೆಯನ್ನು ಅಂಗೈಯಿಂದ ನೇವರಿಸಿ ಸರಿ ಮಾಡಿ, ನನ್ನ ಮುಂದೆ ಇಟ್ಟು, ಮತ್ತೆ ಕುಳಿತಳು. ಆ ಅಂಗೈ ಹಾಳೆಯ ಮೇಲೆ ಓಡಾಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಶಾಲೆಯಲ್ಲಿ ಬೈಸಿಕೊಂಡ ಮಗು ಮನೆಗೆ ಓಡಿಬಂದು ಅಮ್ಮನ ಸೆರಗಿನಲ್ಲಿ ಮುಖ ಒರೆಸಿಕೊಳ್ಳಬಹುದು. ಮನೆಯಲ್ಲೇ ಕಲಿಯುವ ಮಗುವಿಗೆ ಬೈದವರೂ ಅಮ್ಮನೇ. ಅದು ಎಲ್ಲಿಗೆ ಓಡಬೇಕು? ಅಂದೇ ಗಣಿತವನ್ನು ಬಿಟ್ಟುಕೊಟ್ಟೆ. ಓಣಿಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು ವಾರಕ್ಕೆ ಮೂರು ದಿನ ಹೇಳಿಕೊಡುತ್ತಾರೆ. ನಿಮಗೆ ಕೋಪ ಬರಿಸುವ ವಿಷಯ ಯಾವುದೋ ಅದನ್ನು ಬೇರೆಯವರ ಕೈಗೆ ಒಪ್ಪಿಸಿ. ಎಲ್ಲವನ್ನೂ ನಾನೇ ಕಲಿಸುತ್ತೇನೆ ಎಂಬ ಹಟ ತಾಯಿಯ ಆಯುಷ್ಯವನ್ನೂ ಮಗುವಿನ ಪ್ರೀತಿಯನ್ನೂ ಒಟ್ಟಿಗೆ ತಿನ್ನುತ್ತದೆ.

ನೀವೇ ಹುಷಾರು ತಪ್ಪಿದರೆ?

ಪಾಠ ನಿಲ್ಲುತ್ತದೆ. ಡೆಂಗಿ ಬಂದಾಗ ಇಪ್ಪತ್ತು ದಿನ ನಿಂತಿತ್ತು. ಯಾರ ಓದೂ ಕೆಡಲಿಲ್ಲ.

ಗೆಳತಿಯರು, ಮಾತುಕತೆ? ಒಂಟಿತನ ಕಾಡುವುದಿಲ್ಲವೇ?

ಎರಡನೇ ವರ್ಷ ಬಹಳ ಕಾಡಿತು. ವ್ಯಾನ್ ಕಾಯುವಾಗ, ಪೋಷಕರ ಸಭೆಯಲ್ಲಿ ಹುಟ್ಟುವ ಗೆಳೆತನಗಳು ನನಗೆ ಇರಲಿಲ್ಲ. ಕಚೇರಿಯ ಗೆಳತಿಯರ ಮಾತು ನನಗೆ ಗೊತ್ತಿಲ್ಲದ ಹೊಸಬರ ಬಗ್ಗೆ ತಿರುಗಿತು.

ಈಗ ದಾವಣಗೆರೆ ಮತ್ತು ಚಿತ್ರದುರ್ಗದ ನಾವು ನಾಲ್ಕು ಮನೆಯವರು ಸೇರಿ ಶನಿವಾರಗಳನ್ನು ಹಂಚಿಕೊಂಡಿದ್ದೇವೆ. ಒಂದೊಂದು ಶನಿವಾರ ಒಂದು ಮನೆಯವರು ನಾಲ್ಕೂ ಮನೆಯ ಮಕ್ಕಳನ್ನು ನೋಡಿಕೊಳ್ಳುತ್ತಾರೆ. ತಿಂಗಳಲ್ಲಿ ಒಂದು ದಿನ ಏಳು ಮಕ್ಕಳ ಗಲಾಟೆ, ಮೂರು ದಿನ ಬಿಡುವು. ಬಿಡುವಿನ ಮೂವರು ತಾಯಂದಿರು ದಾವಣಗೆರೆಯ ಗಾಜಿನ ಮನೆ ಉದ್ಯಾನದ ಹುಲ್ಲಿನ ಮೇಲೆ ಮಂಡಕ್ಕಿ ಮೆಣಸಿನಕಾಯಿ ಹಿಡಿದು ಕೂರುತ್ತೇವೆ. ಮಕ್ಕಳ ವಿಷಯ ಎತ್ತಬಾರದೆಂದು ನಿಯಮ ಮಾಡಿಕೊಂಡಿದ್ದೇವೆ. ಮೊದಲ ಅರ್ಧ ಗಂಟೆ ಕಷ್ಟವಾಗುತ್ತದೆ, ಆಮೇಲೆ ಒಬ್ಬೊಬ್ಬರ ಒಳಗಿನ ಹಳೆಯ ಹುಡುಗಿ ಮಾತಾಡಲು ಶುರು ಮಾಡುತ್ತಾಳೆ.

ಇದು ಎಲ್ಲರಿಗೂ ಆಗುವಂಥದ್ದೇ?

ಇಲ್ಲ. ನಿತ್ಯದ ಕೂಲಿಯ ಮೇಲೆ ನಡೆಯುವ ಮನೆಗೆ, ನೆರವಿಗೆ ಯಾರೂ ಇಲ್ಲದ ಒಂಟಿ ತಾಯಿಗೆ, ಗಂಡ ಹೆಂಡಿರ ನಡುವೆ ದಿನವೂ ಜಗಳವಿರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಸರ್ಕಾರಿ ಶಾಲೆಯಲ್ಲಿ ಪಾಠದ ಜೊತೆಗೆ ಬಿಸಿಯೂಟವಿದೆ, ಹಾಲಿದೆ, ಮೊಟ್ಟೆಯಿದೆ, ಮಗುವಿನ ಮೇಲೆ ಕಣ್ಣಿಡುವ ಇನ್ನೊಬ್ಬ ದೊಡ್ಡವರಿದ್ದಾರೆ. ತಾಯಿಗೆ ದುಡಿಯಲು ದಾರಿ ಬಿಡುವುದೂ ಅದೇ ಶಾಲೆ. ನೌಕರಿಯೇ ನಿಮ್ಮ ಉಸಿರಾಗಿದ್ದರೆ ಅದನ್ನು ಬಿಡಬೇಡಿ. ಮನಸ್ಸಿಲ್ಲದೆ ಮನೆಯಲ್ಲಿ ಉಳಿದ ತಾಯಿಯ ಮುಖವನ್ನು ಮಗು ದಿನಕ್ಕೆ ಹದಿನಾಲ್ಕು ಗಂಟೆ ನೋಡುತ್ತದೆ.

ಸಾಕೆನಿಸಿ ಮತ್ತೆ ಶಾಲೆಗೆ ಸೇರಿಸಿದರೆ ಸೋತಂತೆಯೇ?

ಯಾರಿಗೆ ಸೋತಂತೆ? ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಆರು ವರ್ಷ ದಾಟಿದರೂ ಶಾಲೆಗೆ ಸೇರದ ಅಥವಾ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಉಳಿದವರ ಸಮಕ್ಕೆ ಬರಲು ವಿಶೇಷ ತರಬೇತಿ ಪಡೆಯುವ ಹಕ್ಕೂ ಮಗುವಿಗಿದೆ. ಬಾಗಿಲು ತೆರೆದೇ ಇರುತ್ತದೆ. ನಾವು ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದು ಸಂಜೆ ನಾಲ್ವರೂ ಕುಳಿತು ಇನ್ನೊಂದು ವರ್ಷ ಮುಂದುವರಿಸೋಣವೇ ಎಂದು ಕೇಳಿಕೊಳ್ಳುತ್ತೇವೆ. ನಾನೂ ಮತ ಹಾಕುತ್ತೇನೆ. ಒಂದು ವರ್ಷ ನಾನು ಬೇಡ ಎಂದೆ. ಅಂದಿನಿಂದಲೇ ವಿಜ್ಞಾನ ನಮ್ಮವರ ಕೈಗೆ ಹೋದದ್ದು.

ಮಕ್ಕಳು ದೊಡ್ಡವರಾದ ಮೇಲೆ ನೀವು?

ಮಗಳಿಗೆ ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೇ ತರಗತಿಗೆ ಹೆಸರು ನೋಂದಾಯಿಸಬಹುದು. 1989ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. ಐದು ವಿಷಯ ತೇರ್ಗಡೆಯಾದರೆ 10ನೇ ತರಗತಿಯ ಪ್ರಮಾಣಪತ್ರ ಸಿಗುತ್ತದೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ, ಎಲ್ಲ ವಿಷಯಗಳನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಯಾವ ವಿಷಯ ಯಾವಾಗ ಎಂದು ಅವಳೇ ಯೋಚಿಸುತ್ತಿದ್ದಾಳೆ.

ನಾನು ಅಷ್ಟು ದಿನ ಕಾಯಲಿಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಇತಿಹಾಸ ಎಂ.ಎ.ಗೆ ಸೇರಿದ್ದೇನೆ. ಮಧ್ಯಾಹ್ನ ಎರಡಕ್ಕೆ ಟವೆಲ್ ಕಟ್ಟಿ ಓದಲು ಕೂರುತ್ತೇನೆ. ಕಳೆದ ತಿಂಗಳಿನಿಂದ ಮಗಳೂ ತನ್ನ ಕೋಣೆಯ ಬಾಗಿಲಿಗೆ ಒಂದು ಟವೆಲ್ ಕಟ್ಟುತ್ತಿದ್ದಾಳೆ, ಹಳದಿ ಬಣ್ಣದ್ದು. ಅದು ಕಟ್ಟಿದ್ದಾಗ ನಾನು ತಟ್ಟುವುದಿಲ್ಲ.